ಪೆನ್ಸಿಲ್ ಮೂಸಿ ಬರೆದ ಇತಿಹಾಸ

ನಿನ್ನೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಆಫ್ರಿಕಾದವರಿಗೆ ಇತಿಹಾಸ ಎಲ್ಲಿತ್ತು ಮೇಷ್ಟ್ರೇ? ಬಿಳಿಯರು ಹೋದ ಮೇಲೆ ತಾನೇ ನೆಟ್ಟಗೆ ಗೋಡೆ ಕಟ್ಟಲು ಕಲಿತದ್ದು" ಎಂದ. ನಾವು ಹೆಣ್ಣಿನ ಕಡೆಯವರು, ಬಾಯಿ ಮುಚ್ಚಿಕೊಂಡು ಉಂಡೆ. ಇಲ್ಲಿ ಮುಚ್ಚಿಕೊಳ್ಳಬೇಕಾಗಿಲ್ಲ.

ಗೋಡೆಯ ಮಾತೇ ಆಗಲಿ. ಆಫ್ರಿಕಾದ ದಕ್ಷಿಣದಲ್ಲಿ, ಈಗಿನ ಜಿಂಬಾಬ್ವೆ ದೇಶದಲ್ಲಿ ಗ್ರೇಟ್ ಜಿಂಬಾಬ್ವೆ ಎಂಬ ಪಾಳುಬಿದ್ದ ಹಳೆಯ ಕಲ್ಲಿನ ಪಟ್ಟಣವಿದೆ. ಅದರ ದೊಡ್ಡ ಆವರಣದ ಗೋಡೆಯ ಸುತ್ತಳತೆ ಸುಮಾರು 250 ಮೀಟರ್, ಕೆಲವೆಡೆ ಎತ್ತರ 11 ಮೀಟರ್. ಒಂದು ಹಿಡಿ ಗಾರೆಯಿಲ್ಲ. ಗ್ರಾನೈಟ್ ಕಲ್ಲುಗಳನ್ನು ವರಸೆ ವರಸೆಯಾಗಿ ಪೇರಿಸಿ ಶೋನಾ ಜನರ ಪೂರ್ವಜರು ಎಬ್ಬಿಸಿದ್ದು. ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಗೆ ಕಾಲಿಡುವ ಮೊದಲೇ ಅಲ್ಲಿ ಚಿನ್ನದ ವ್ಯಾಪಾರ ನಡೆಯುತ್ತಿತ್ತು. ಅಗೆದಾಗ ಚೀನಾದ ಪಿಂಗಾಣಿಯ ಚೂರುಗಳು ಸಿಕ್ಕಿವೆ.

1871ರಲ್ಲಿ ಕಾರ್ಲ್ ಮೌಖ್ ಎಂಬ ಜರ್ಮನ್ ಅಲ್ಲಿಗೆ ಹೋದ. ಬಾಗಿಲ ಮೇಲಿನ ಅಡ್ಡಮರದಿಂದ ಚಕ್ಕೆ ಕಿತ್ತು ಮೂಸಿದ. ತನ್ನ ಪೆನ್ಸಿಲ್ಲಿನ ವಾಸನೆಯೇ ಬಂತು! ಪೆನ್ಸಿಲ್ ಎಂದರೆ ಸೀಡರ್, ಸೀಡರ್ ಎಂದರೆ ಲೆಬನಾನ್, ಲೆಬನಾನ್ ಎಂದರೆ ಅಲ್ಲಿಂದ ಮರ ತರಿಸಿ ದೇಗುಲ ಕಟ್ಟಿಸಿದ ಬೈಬಲ್ಲಿನ ರಾಜ ಸೊಲೊಮನ್; ಆದ್ದರಿಂದ ಇದು ಅವನನ್ನು ಕಾಣಲು ಹೋದ ಶೀಬಾದ ರಾಣಿಯ ಕೆಲಸ. ಮರ ಪಕ್ಕದ ಕಾಡಿನದೇ ಇರಬಹುದೆಂದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಅಲ್ಲಿಯವರೇ ಕಟ್ಟಿರಬಹುದೆಂದಂತೂ ಮೊದಲೇ ಇಲ್ಲ.

ಆಮೇಲೆ ಆ ಅವಶೇಷಗಳ ಮೇಲ್ವಿಚಾರಕನಾಗಿ ಬಂದ ರಿಚರ್ಡ್ ಹಾಲ್ ಇನ್ನೂ ಘನವಂತ. 1902ರಿಂದ ಎರಡು ವರ್ಷ, ಆಫ್ರಿಕನ್ನರು ಬಿಟ್ಟುಹೋದ ಕೊಳೆ ಎಂದು ಮಣ್ಣಿನ ಪದರಗಳನ್ನೇ ಎತ್ತಿ ಎಸೆದ. ಯಾರು ಕಟ್ಟಿದರೆಂಬುದಕ್ಕೆ ಸಾಕ್ಷಿ ಇದ್ದದ್ದೇ ಆ ಕೊಳೆಯಲ್ಲಿ. 1905ರಲ್ಲಿ ರ‍್ಯಾಂಡಲ್ ಮ್ಯಾಕ್‌ಐವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಎಂಬ ಪುರಾತತ್ವಜ್ಞರು ಅಗೆದು ನೋಡಿ, ಇದು ಆಫ್ರಿಕನ್ನರದೇ ಎಂದರು. ರೊಡೀಷಿಯಾದ (ಆ ದೇಶಕ್ಕೆ ಆಗಿದ್ದ ಹೆಸರು) ಬಿಳಿಯ ಸರ್ಕಾರಕ್ಕೆ ಅದು ಪಥ್ಯವಾಗಲಿಲ್ಲ. ಸ್ಮಾರಕಗಳ ಅಧಿಕಾರಿಯಾಗಿದ್ದ ಪೀಟರ್ ಗಾರ್ಲೇಕ್ ಅದನ್ನೇ ಹೇಳಿ, 1970ರ ಸುಮಾರಿಗೆ ದೇಶವನ್ನೇ ಬಿಡಬೇಕಾಯಿತು. ಗೋಡೆ ಕಟ್ಟಿದವರ ಹೆಸರು ಹೇಳಿದ್ದಕ್ಕೆ!

"ಆದರೆ ಶಾಸನವೊಂದೂ ಇಲ್ಲವಲ್ಲ" ಎನ್ನುವವರು ಈಗಲೇ ಟೈಪ್ ಮಾಡುತ್ತಿರುತ್ತೀರಿ. ನಮ್ಮೂರ ಕೆರೆಯ ಏರಿಗೂ ಶಾಸನವಿಲ್ಲ ಸ್ವಾಮಿ. ಅದನ್ನೂ ಶೀಬಾದ ರಾಣಿಯ ಲೆಕ್ಕಕ್ಕೆ ಬರೆಯೋಣವೇ?

1980ರಲ್ಲಿ ಸ್ವತಂತ್ರರಾದ ಜನ, ಬ್ರಿಟಿಷ್ ವಸಾಹತುಗಾರ ಸೆಸಿಲ್ ರೋಡ್ಸ್‌ನ ಹೆಸರು ಕಿತ್ತುಹಾಕಿ ಈ ಕಲ್ಲುಮನೆಗಳ ಹೆಸರನ್ನೇ ದೇಶಕ್ಕಿಟ್ಟರು. ಅಲ್ಲಿ ಸಿಕ್ಕ ಬಳಪದ ಕಲ್ಲಿನ ಹಕ್ಕಿ ಬಾವುಟಕ್ಕೆ ಏರಿತು.

ಇಷ್ಟು ಕೂಗಾಡಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಪಕ್ಕದ ಎಲೆಯವನು ನನ್ನದೇ ಹಳೆಯ ವಿದ್ಯಾರ್ಥಿ. ಆಫ್ರಿಕಾವನ್ನು ಒಂದೇ ಪೀರಿಯಡ್ಡಿನಲ್ಲಿ ಮುಗಿಸಿ, "ಕತ್ತಲೆಯ ಖಂಡ, ಅಡಿಗೆರೆ ಎಳೆದುಕೊಳ್ಳಿ" ಎಂದವನು ನಾನು. ಅವನು ಎಳೆದುಕೊಂಡಿದ್ದ, ಅಷ್ಟೇ. ಪೆನ್ಸಿಲ್ಲಿನಲ್ಲೇ ಇರಬೇಕು.