ಖಾಕಿ ಹಾಕಿದವರೆಲ್ಲ ಪೊಲೀಸರಲ್ಲ, ಆದರೂ ಅಧಿಕಾರ ಇದೆ

ಅರಣ್ಯ ಸಿಬ್ಬಂದಿ ಮರ ಸಾಗಿಸುತ್ತಿದ್ದ ಲಾರಿ ಹಿಡಿದ ಸುದ್ದಿಯ ಕೆಳಗೆ ಹಲವರು "ಇವರೇನು ಪೊಲೀಸರಾ? ಬಂಧಿಸಲು ಇವರು ಯಾರು?" ಎಂದು ಕೇಳಿದ್ದಾರೆ. ಪೊಲೀಸರಲ್ಲ, ನಿಜ. ಆದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅವರಿಗೆ ಆ ಅಧಿಕಾರ ಕೊಟ್ಟಿದೆ. ಅರಣ್ಯ ಅಪರಾಧದ ಸಕಾರಣ ಅನುಮಾನ ಇದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಮರ, ಗಾಡಿ, ಕೊಡಲಿ ಎಲ್ಲ ವಶಕ್ಕೆ ಪಡೆಯಬಹುದು. ಗಂಧ, ಬೀಟೆಯಂಥ ಮರ ಅಕ್ರಮವಾಗಿ ಸಾಗಿಸಿದ ವಾಹನವನ್ನು 71ಎ ಕಲಮಿನಡಿ ಮುಟ್ಟುಗೋಲು ಹಾಕಿಕೊಳ್ಳುವುದು ಇಲಾಖೆಯ ಹಿರಿಯ ಅಧಿಕಾರಿಯೇ, ಕೋರ್ಟ್ ತೀರ್ಪಿಗೆ ಕಾಯಬೇಕಿಲ್ಲ. ಆದರೆ ಮಾಲೀಕನಿಗೆ ಮೊದಲು ನೋಟಿಸ್ ಕೊಟ್ಟು, ಅವನ ಮಾತು ಕೇಳಬೇಕು.

ಅಬಕಾರಿಯವರಿಗೂ 1965ರ ಕಾಯ್ದೆಯಲ್ಲಿ ಹೀಗೇ ಬಂಧನ, ಶೋಧನೆಯ ಅಧಿಕಾರವಿದೆ. ಆರ್‌ಟಿಒ ಇನ್‌ಸ್ಪೆಕ್ಟರ್ ಗಾಡಿ ನಿಲ್ಲಿಸಿ ದಾಖಲೆ ನೋಡಬಹುದು, ಗಾಡಿಯನ್ನು ತಡೆದಿಡಬಹುದು. ಮೋಟಾರು ವಾಹನ ಕಾಯ್ದೆಯಲ್ಲಿ ಬಂಧಿಸುವ ಅಧಿಕಾರ ಮಾತ್ರ ಸಮವಸ್ತ್ರದಲ್ಲಿರುವ ಪೊಲೀಸರದ್ದು.

ಈ ಅಧಿಕಾರಕ್ಕೆ ಬೇಲಿಯೂ ಇದೆ. ಕಾಡಿನ ಗಾರ್ಡ್ ಊರಿನ ಜಗಳಕ್ಕೆ ಯಾರನ್ನೂ ಹಿಡಿದೊಯ್ಯುವಂತಿಲ್ಲ. ಯಾರು ಬಂಧಿಸಿದರೂ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು, ಕಾರಣ ಹೇಳಲೇಬೇಕು. ಅದು ಸಂವಿಧಾನದ 22ನೇ ವಿಧಿ.

ನನಗೆ ಬೇಸರವಾಗುವುದು ಬೇರೆ ವಿಷಯಕ್ಕೆ. ರಾತ್ರಿಯಿಡೀ ಕಾಡು ಸುತ್ತುವ ಗಾರ್ಡ್‌ಗೆ ಮಹಜರು (ಸ್ಥಳದಲ್ಲಿ ಕಂಡದ್ದು, ವಶಕ್ಕೆ ಪಡೆದದ್ದನ್ನು ಸಾಕ್ಷಿಗಳ ಮುಂದೆ ಬರೆದಿಡುವ ದಾಖಲೆ) ಬರೆಯುವುದನ್ನು ನಾವು ಸರಿಯಾಗಿ ಕಲಿಸಿದ್ದೇವಾ? ಅಲ್ಲಿ ಎಡವಿದರೆ ಕೇಸೇ ಬಿದ್ದುಹೋಗುತ್ತದೆ ಅಲ್ವಾ? ಸುಮ್ನೆ ಅವರನ್ನು ಬೈಯುವ ಬದಲು, ಒಳ್ಳೆ ತರಬೇತಿ ಕೊಡಿ ಎಂದು ಸರ್ಕಾರವನ್ನು ಕೇಳೋಣ.