‘ನೋವಾ’ ಕಾರು ಹೆಸರಿನಿಂದಾಗಿ ಸೋಲಲಿಲ್ಲ

ಷೆವರ್ಲೆ ‘ನೋವಾ’ ಕಾರು ಲ್ಯಾಟಿನ್ ಅಮೆರಿಕದಲ್ಲಿ ಬಿಕರಿಯಾಗಲೇ ಇಲ್ಲ, ಏಕೆಂದರೆ ಸ್ಪ್ಯಾನಿಷ್‌ನಲ್ಲಿ ‘ನೋ ವಾ’ ಅಂದರೆ ‘ಹೋಗಲ್ಲ’ ಎಂಬ ಮಾತು ಮತ್ತೆ ಹರಿದಾಡುತ್ತಿದೆ. ಇದು ನಿಜವಲ್ಲ. 1970ರ ದಶಕದಲ್ಲಿ ಮೆಕ್ಸಿಕೊ, ವೆನೆಜುವೆಲಾಗಳಲ್ಲಿ ಆ ಕಾರು ಚೆನ್ನಾಗಿಯೇ ಮಾರಾಟವಾಯಿತು. ಬ್ರ್ಯಾಂಡ್ ಹೆಸರಿಡುವ ಪಾಠಗಳಲ್ಲೂ ಈ ಕಟ್ಟುಕತೆಯನ್ನೇ ಉದಾಹರಣೆಯಾಗಿ ಕೊಡುತ್ತಾರೆ, ಅದೇ ನನಗೆ ಜಾಸ್ತಿ ಬೇಸರ.

ಭಾಷೆಯ ಲೆಕ್ಕದಲ್ಲೂ ಇದು ನಿಲ್ಲುವುದಿಲ್ಲ. ‘ನೋವಾ’ ಒಂದೇ ಪದ. ಅದರಲ್ಲಿ ಒತ್ತು ‘ನೋ’ ಮೇಲೆ ಬೀಳುತ್ತದೆ. ‘ನೋ ವಾ’ ಎರಡು ಪದ, ಒತ್ತು ‘ವಾ’ ಮೇಲೆ. ಸ್ಪ್ಯಾನಿಷ್ ಆಡುವವರ ಕಿವಿಗೆ ಇವೆರಡೂ ಬೇರೆ ಬೇರೆ. ಅಷ್ಟೇ ಅಲ್ಲ, ‘ನೋವಾ’ ಎಂದರೆ ಇದ್ದಕ್ಕಿದ್ದಂತೆ ಬೆಳಗುವ ನಕ್ಷತ್ರ ಎಂಬುದು ಅವರಿಗೂ ಗೊತ್ತು. ಮೆಕ್ಸಿಕೊದ ಸರ್ಕಾರಿ ಕಂಪನಿ ಪೆಮೆಕ್ಸ್ ತನ್ನ ಪೆಟ್ರೋಲಿಗೇ ‘ನೋವಾ’ ಎಂದು ಹೆಸರಿಟ್ಟು ಮಾರುತ್ತಿತ್ತು.