ಮನೆ ಹೊಳೆಯಾಚೆ, ಗಾಡಿ ನಮ್ಮ ರಸ್ತೆಗೆ

ಕಾಳಿ ಹೊಳೆಯಾಚೆ ದೊಡ್ಡದೊಂದು ಬಡಾವಣೆ ಬರುತ್ತದಂತೆ. ಸುಮಾರು 500 ಮನೆ ಅನ್ನುತ್ತಿದ್ದಾರೆ. ಜನ ಮನೆ ಕಟ್ಟಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಕಾರವಾರಕ್ಕೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ದಕ್ಷಿಣಕ್ಕೆ ನೌಕಾನೆಲೆ. ಊರು ಬೆಳೆಯಲು ಉಳಿದಿರುವುದು ಆಚೆ ದಡವೇ. ನಮ್ಮ ಮಕ್ಕಳೂ ಎಲ್ಲಾದರೂ ಮನೆ ಮಾಡಬೇಕು, ಅಲ್ವಾ?

ನನ್ನ ಪ್ರಶ್ನೆ ಬೇರೆ. ಬಡಾವಣೆ ಇರುವುದು ಅಲ್ಲಿನ ಪಂಚಾಯಿತಿಯಲ್ಲಿ. ಮನೆ ಕರ ಕಟ್ಟುವುದೂ ಅಲ್ಲಿಗೇ. ಆದರೆ ಶಾಲೆ, ಕಾಲೇಜು, ಜಿಲ್ಲಾಸ್ಪತ್ರೆ, ಕಚೇರಿ, ಮೀನು ಮಾರ್ಕೆಟ್ ಎಲ್ಲ ಈಚೆ ದಡದಲ್ಲಿ, ಕಾರವಾರದಲ್ಲಿ. ಬೆಳಗಾದರೆ ಆ ಗಾಡಿಗಳೆಲ್ಲ ಸೇತುವೆ ದಾಟಿ ಈಚೆ ತುದಿಯ ನಮ್ಮ ಕೋಡಿಬಾಗದಲ್ಲಿ ಇಳಿಯುತ್ತವೆ. ಇಲ್ಲಿ ಇರುವವರನ್ನು ಒಂದು ಮಾತು ಕೇಳಿದವರಿಲ್ಲ.

ಸೇತುವೆಯ ಕಥೆ ಎಲ್ಲರಿಗೂ ಗೊತ್ತು. 2024ರ ಆಗಸ್ಟ್ 7ರ ನಡುರಾತ್ರಿ ಹಳೆ ಸೇತುವೆ ಕುಸಿಯಿತು. ಲಾರಿಯೊಂದು ಹೊಳೆಗೆ ಬಿತ್ತು, ಚಾಲಕ ಹೇಗೋ ಬದುಕಿದ. ಆಮೇಲೆ ಹೋಗುವವರಿಗೂ ಬರುವವರಿಗೂ ಹೊಸ ಸೇತುವೆಯೊಂದೇ ಗತಿಯಾಯಿತು. ಅದೇನು ಊರೊಳಗಿನ ರಸ್ತೆಯಲ್ಲ, ರಾಷ್ಟ್ರೀಯ ಹೆದ್ದಾರಿ 66. ಗೋವಾ ಕಡೆಯ ಲಾರಿಗಳೆಲ್ಲ ಅದರ ಮೇಲೆಯೇ ಹೋಗಬೇಕು.

ಬೆಳಗ್ಗೆ ಎಂಟೂವರೆಗೆ ಸೇತುವೆಯ ಕೋಡಿಬಾಗ ತುದಿಯಲ್ಲಿ ನಿಂತು ನೋಡಿ. ಶಾಲೆ ವ್ಯಾನು, ಅದರ ಬೆನ್ನಿಗೆ ಟೆಂಪೊ, ಟೆಂಪೊ ಹಿಂದೆ ಟ್ಯಾಂಕರ್. ಮೀನು ಬುಟ್ಟಿ ಹೇರಿಕೊಂಡ ರಿಕ್ಷಾದಲ್ಲಿ ಹೆಂಗಸರು ಕಾಲು ಹೊರಗೆ ಚಾಚಿ ಕೂತಿರುತ್ತಾರೆ. ಸ್ಕೂಟರೊಂದು ಒಳರಸ್ತೆಗೆ ತಿರುಗಿದರೂ ಹಿಂದಿನವರೆಲ್ಲ ಬ್ರೇಕ್ ಹಾಕಬೇಕು. ಮಳೆಗಾಲದಲ್ಲಿ ಹುಡುಗಿಯರು ಸೈಕಲ್ ದೂಡಿಕೊಂಡು ಬಿಳಿ ಗೆರೆಯಾಚೆ ಕೆಸರಲ್ಲೇ ನಡೆಯುತ್ತಾರೆ. ಒಂದು ಕಾರು ಜೋರಾಗಿ ಹೋದರೆ ಯೂನಿಫಾರ್ಮ್ ತುಂಬಾ ಕೆಂಪು ನೀರು. ಈ ಮಕ್ಕಳ ಪಕ್ಕದಲ್ಲೇ ಇನ್ನಷ್ಟು ಗಾಡಿ ಬಿಡಲು ಹೊರಟಿದ್ದೇವೆ.

ಲೆಕ್ಕ ಹಾಕಿ. 500 ಮನೆ, ಮನೆಗೊಂದೇ ಗಾಡಿ, ಎಂಟರಿಂದ ಒಂಬತ್ತೂವರೆ ಒಳಗೆ ಹೊರಬಿದ್ದರೆ ಹೆಚ್ಚುಕಡಿಮೆ 11 ಸೆಕೆಂಡಿಗೊಂದು. ಈಗಿರುವುದರ ಮೇಲೆ ಇದು. ಒಂದು ಆಂಬ್ಯುಲೆನ್ಸ್ ಬಂದರೆ ಎಲ್ಲಿ ಸರಿಯೋಣ?

ಅನುಮತಿ ಕೊಡುವಾಗ ಏನು ನೋಡುತ್ತಾರೆ? ಎನ್‌ಎ ಆಗಿದೆಯಾ, ಅಂದರೆ ಕೃಷಿ ಜಮೀನು ಕೃಷಿಯೇತರ ಅಂತ ಬದಲಾಗಿದೆಯಾ, ಒಳಗಿನ ರಸ್ತೆ ಎಷ್ಟು ಅಗಲ, ಚರಂಡಿ ಎಲ್ಲಿ, ಪಾರ್ಕಿಗೆ ಜಾಗ ಬಿಟ್ಟಿದ್ದಾರಾ. ಒಳಗಿನದಕ್ಕೆಲ್ಲ ಅಳತೆ ಉಂಟು. ಗೇಟಿನ ಹೊರಗೆ ಆ ಗಾಡಿಗಳು ಹೋಗುವ ರಸ್ತೆ ಯಾರ ಫೈಲಿಗೂ ಸೇರುವುದಿಲ್ಲ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆ, ಇರುವುದು ಸೈಟು-ಮನೆ ಕೊಳ್ಳುವವರ ರಕ್ಷಣೆಗೆ, ಅಕ್ಕಪಕ್ಕದವರಿಗಲ್ಲ. ಕಟ್ಟಡ 20,000 ಚದರ ಮೀಟರ್ ಮುಟ್ಟಿದರೆ ಕೇಂದ್ರ ಸರ್ಕಾರದ 2006ರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕು. ಆದರೆ ಇಂಥ ವಸತಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಲ್ಲ. ನಾವು ಬಾಯಿ ಬಿಡುವುದಾದರೂ ಎಲ್ಲಿ?

ಕಟ್ಟುವಾಗಿನ ಟಿಪ್ಪರ್‌ಗಳನ್ನೂ ಮರೆಯಬೇಡಿ. ತಗ್ಗು ಜಾಗ ತುಂಬಿಸಲು ಮಣ್ಣು ಬೇಕು, ಮಣ್ಣಿಗೆ ಗುಡ್ಡ ಕಡಿಯಬೇಕು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದು ಜನ ಸತ್ತರು. ಅದಾದ ಮೇಲೂ ಗುಡ್ಡ ಕಡಿಯುವುದು ನಮಗೆ ಸಲೀಸಾಗಿ ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಾನು ಕೇಳುವುದು ಜಾಸ್ತಿ ಏನಲ್ಲ. ನಕ್ಷೆ ಪಾಸು ಮಾಡುವ ಮೊದಲು ಸೇತುವೆ ಮೇಲೆ ಗಾಡಿ ಎಣಿಸಲಿ. ಶಾಲೆ ಇರುವ ದಿನ ಎಣಿಸಲಿ, ರಜೆಯಲ್ಲಲ್ಲ. ನಗರಸಭೆಯ ಅಭಿಪ್ರಾಯ ಬರಹದಲ್ಲಿ ತೆಗೆದುಕೊಳ್ಳಲಿ. ಈಚೆ ಬದಿಯ ಫುಟ್‌ಪಾತ್, ತಿರುವಿನ ಕೆಲಸಕ್ಕೆ ಬಡಾವಣೆ ಮಾಡುವವರೂ ಹಣ ಕೊಡಲಿ. ಎಲ್ಲಕ್ಕಿಂತ ಮುಖ್ಯ ಬಸ್ಸು. ಬಡಾವಣೆಯೊಳಗೆ ಬಸ್ಸು ತಿರುಗುವಷ್ಟು ಜಾಗ ಈಗಲೇ ಬಿಟ್ಟರೆ ಆಯಿತು, ಸೈಟೆಲ್ಲ ಮಾರಿದ ಮೇಲೆ ಯಾರೂ ಬಿಡುವುದಿಲ್ಲ. ಹೊತ್ತಿಗೆ ಸರಿಯಾಗಿ ಬಸ್ಸು ಬಂದರೆ ಎಷ್ಟೋ ಮನೆಯವರು ಎರಡನೇ ಗಾಡಿ ತೆಗೆದುಕೊಳ್ಳುವುದೇ ಇಲ್ಲ.

ಸೈಟು ನೋಡುತ್ತಿರುವವರಿಗೂ ಒಂದು ಮಾತು. ಏಜೆಂಟರು ನಿಮ್ಮನ್ನು ಭಾನುವಾರ ಮಧ್ಯಾಹ್ನ ಕರೆದುಕೊಂಡು ಹೋದರೆ, ಸೋಮವಾರ ಬೆಳಿಗ್ಗೆ ಇನ್ನೊಮ್ಮೆ ಹೋಗಿ. ಅಲ್ಲಿಂದ ಜಿಲ್ಲಾಸ್ಪತ್ರೆಗೆ ಎಷ್ಟು ಹೊತ್ತಾಗುತ್ತದೆ ನೋಡಿ. ನಾಳೆ ಆ ಸಾಲಿನಲ್ಲಿ ನಿಲ್ಲುವವರು ನೀವೂ ಹೌದು.

ನಗರಸಭೆಗೂ ಪಂಚಾಯಿತಿಗೂ ಕೊಡಲು ಅರ್ಜಿ ಬರೆದಿಟ್ಟಿದ್ದೇನೆ. ಎರಡೂ ದಡದವರ ಸಹಿ ಬೇಕು. ಹಾಕುವವರು ಇನ್‌ಬಾಕ್ಸಿಗೆ ತಿಳಿಸಿ, ನಾನೇ ಮನೆಗೆ ತರುತ್ತೇನೆ.